ಹಳಕೋಟಗಿಯ ಸರದಾರರು

ಆಟದ ಸಿಡಿಯನ್ನು ಶ್ರೀಶೈಲ ಸೊಲ್ಲಾಪುರದ ಫುಟ್‌ಪಾತಿನಿಂದ ತಂದಿದ್ದ. ಯುರೋಪಿನ ರಾಜರು ಒಬ್ಬರ ಸೀಮೆಯನ್ನು ಇನ್ನೊಬ್ಬರು ಕಸಿದುಕೊಳ್ಳುವ ಆಟ. ನಕಾಶೆಯ ಮೇಲೆ ಪ್ರಾಂತಗಳು, ಪ್ರಾಂತಕ್ಕೆ ಸರದಾರರು, ಅವರ ಕೈಕೆಳಗೆ ಪಡೆ. ಪ್ರತಿ ಸರದಾರನ ಶೌರ್ಯಕ್ಕೂ ನಿಷ್ಠೆಗೂ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ. ನಿಷ್ಠೆಯ ಅಂಕಿ ಕಡಿಮೆ ಇದ್ದವನು ವೈರಿ ಬಂದಾಗ ಕೋಟೆಯ ಬಾಗಿಲು ತೆರೆದುಬಿಡುತ್ತಾನೆ.

ಅದು ೨೦೦೪ನೇ ಇಸವಿ. ನಾವಿಬ್ಬರೂ ಇಂಡಿ ಪಟ್ಟಣದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆವು. ಊರೂ ಒಂದೇ, ಝಳಕಿ ಕಡೆಯ ಹಳಕೋಟಗಿ. ಶ್ರೀಶೈಲ ಊರ ಗೌಡರ ಮಗ. ಲಿಂಬೆಹಣ್ಣಿನ ವ್ಯಾಪಾರಕ್ಕೆಂದು ಅವರು ಇಂಡಿಯಲ್ಲೊಂದು ಮನೆ ಕಟ್ಟಿಸಿದ್ದರು, ಅದರ ಮಹಡಿಯ ಮೇಲೆ ಕಂಪ್ಯೂಟರು ಇತ್ತು. ನಾನು ಕುರುಬರ ಮಾಳಿಂಗರಾಯ, ಇದ್ದದ್ದು ಹಾಸ್ಟೆಲ್ಲಿನಲ್ಲಿ. ಅಲ್ಲಿನ ಸಾರಿನಲ್ಲಿ ಬೇಳೆ ಹುಡುಕುವುದಕ್ಕಿಂತ ಲೈಬ್ರರಿಯ ಕಪಾಟಿನಲ್ಲಿ ಪುಸ್ತಕ ಹುಡುಕುವುದು ಸುಲಭವಾಗಿತ್ತು. ಹಾಗಾಗಿ ಓದುತ್ತಿದ್ದೆ.

ಒಂದು ಮಧ್ಯಾಹ್ನ ಶ್ರೀಶೈಲ ಆಟದ ಫೋಲ್ಡರು ತೆರೆದು ನೋಡಿದ. ಪ್ರಾಂತ, ಸರದಾರ, ಪಡೆ ಎಲ್ಲವೂ ಸಾದಾ ಅಕ್ಷರದ ಫೈಲುಗಳಲ್ಲಿದ್ದವು. ನೋಟ್‌ಪ್ಯಾಡಿನಲ್ಲಿ ಪ್ಯಾರಿಸ್ ಅಳಿಸಿ ಬಾಗೇವಾಡಿ ಎಂದು ಬರೆದು ಆಟ ಶುರು ಮಾಡಿದ. ಫ್ರಾನ್ಸಿನ ರಾಜಧಾನಿ ಬಸವನ ಬಾಗೇವಾಡಿಯಾಗಿತ್ತು.

“ಲೇ ಮಾಳ್ಯಾ, ಇಡೀ ಆಟಾನ ನಮ್ಮದ ಮಾಡಬಹುದಲೇ!” ಎಂದು ಅವನು ಕುರ್ಚಿಯಿಂದ ಎದ್ದುಬಿಟ್ಟ.

ಅಂದೇ ಯೋಜನೆ ಶುರುವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕು ಪ್ರಾಂತ. ಕಾಲ ಆದಿಲಶಾಹಿಯ ಕೊನೆ, ದಿಲ್ಲಿಯ ದಂಡು ಬಂದ ಹೊತ್ತು. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಊರು, ಬೆಳೆ, ಕೋಟೆ, ಸರದಾರ ಎಂದು ಕಾಲಂ ಮಾಡಿದೆ.

“ಹಡಗ ಏನ ಮಾಡೂದಲೇ?” ಎಂದು ಶ್ರೀಶೈಲ ಕೇಳಿದ.

“ತಗದ ಒಗಿ. ಭೀಮಾ ಹೊಳ್ಯಾಗ ಯಾರ ಹಡಗ ಬಿಟ್ಟಿದ್ರು?”

“ಹರಗೋಲ ಅಂತ ಹೆಸರ ಬದಲ ಮಾಡೋಣು. ವೇಗ ಒಂದು.”

“ಮುಳಗೂದು ಹತ್ತು.”

ನಾನೇ ಒಂದು ನಿಯಮ ಹಾಕಿದೆ. ಎಲ್ಲಿಯಾದರೂ ಬರೆದದ್ದಿದ್ದರೆ ಮಾತ್ರ ಆಟದಲ್ಲಿ ಸೇರಿಸುವುದು. ಬಾಯಿಮಾತು ನಡೆಯುವುದಿಲ್ಲ. ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಹಳೆಯ ಗೆಜೆಟಿಯರ್ ಒಂದಿತ್ತು. ಗೆದ್ದಲು ತಿಂದು ಬಿಟ್ಟದ್ದನ್ನು ನಾನು ಓದಿದೆ.

ಸುದ್ದಿ ಕಾಲೇಜಿಗೆ ಹಬ್ಬಿತು. ಸಿಂದಗಿಯ ಒಬ್ಬ ಬಂದು ತನ್ನ ಮುತ್ತಜ್ಜನ ಮುತ್ತಜ್ಜ ಆನೆಯ ಸೊಂಡಿಲು ಕತ್ತರಿಸಿದ್ದನೆಂದ. ಮುದ್ದೇಬಿಹಾಳದ ಇಬ್ಬರು ಅಣ್ಣತಮ್ಮಂದಿರು ಮನೆಯಲ್ಲಿದ್ದ ಮುರುಕು ಖಡ್ಗದ ಫೋಟೊ ತಂದರು. ಅದು ಕಬ್ಬು ಕಡಿಯುವ ಕೊಯ್ತದಂತೆ ಕಾಣುತ್ತಿತ್ತು. ಬಾಗೇವಾಡಿಯವನೊಬ್ಬ ತನ್ನ ವಂಶದ ಹೆಸರು ಹಾಕದಿದ್ದರೆ ಹಲ್ಲು ಉದುರಿಸುತ್ತೇನೆಂದು ಮೂತ್ರಖಾನೆಯಲ್ಲಿ ನಿಂತಾಗ ಹೇಳಿದ. ಎಲ್ಲಿ ಬರೆದಿದೆ ಎಂದರೆ ಯಾವುದೋ ಹೊಲದ ಹಳೆಯ ಉತಾರ, ಯಾವುದೋ ಮಠದ ಪತ್ರ ಹಿಡಿದುಕೊಂಡು ಬರುವರು. ಶ್ರೀಶೈಲ ಎಲ್ಲರನ್ನೂ ಸೇರಿಸಿದ. ತಿಂಗಳಾಗುವಷ್ಟರಲ್ಲಿ ಇಪ್ಪತ್ತಮೂರು ಸರದಾರರಾದರು. ನಾಲ್ಕು ತಾಲೂಕು ಸೇರಿ ಒಬ್ಬ ಸಿಪಾಯಿಯೂ ಇರಲಿಲ್ಲ. ಆ ಪಟ್ಟಿ ನೋಡಿದರೆ ಹೇಸಿಗೆಯಾಗುತ್ತಿತ್ತು. ಕಾಲೇಜಿನ ಫೀ ಮಾಫಿಗೆ ಬಡವರೆಂದು ದಾಖಲೆ ತರುವ ಇದೇ ಹುಡುಗರು ಇಲ್ಲಿ ಒಬ್ಬೊಬ್ಬರೂ ಐನೂರು ಕುದುರೆಯ ಒಡೆಯರು.

ಪಡೆಗಳ ಫೈಲಿಗೆ ಬಂದಾಗ ನನಗೂ ಶ್ರೀಶೈಲನಿಗೂ ಜಗಳವಾಯಿತು. ಆಟದಲ್ಲಿ ಎಲ್ಲಕ್ಕಿಂತ ಕೆಳಗಿನ ಪಡೆಯೊಂದಿತ್ತು. ಕೈಯಲ್ಲಿ ಕೋಲು ಹಿಡಿದ ಹರಕು ಬಟ್ಟೆಯ ಗುಂಪು. ಶೌರ್ಯ ಸೊನ್ನೆ, ಮೊದಲ ಬಾಣಕ್ಕೆ ಓಡುತ್ತದೆ. ಅದರ ಹೆಸರಿನ ಜಾಗದಲ್ಲಿ ಶ್ರೀಶೈಲ ಕುರುಬರು ಎಂದು ಬರೆದಿದ್ದ.

“ಇದನ್ನ ತಗಿ,” ಎಂದೆ.

“ಯಾಕ? ಕೋಲ ಐತಿ, ಕಂಬಳಿ ಐತಿ. ಚಿತ್ರ ಬರೋಬ್ಬರಿ ಕೂಡ್ತೈತಿ.”

“ನಮ್ಮವ್ರು ಕವಣಿ ಬೀಸಿದ್ರ ನಿಮ್ಮ ಕುದುರಿ ದಿಕ್ಕ ತಪ್ಪತಿದ್ದುವು. ಬ್ಯಾರೆ ಪಡಿ ಮಾಡು. ಶೌರ್ಯ ಎಂಟ ಹಾಕು, ಒಬ್ಬ ಸರದಾರನ್ನ ಕೊಡು.”

“ಎಲ್ಲಿ ಬರ್ದೈತಿ?” ಎಂದು ಅವನು ನಕ್ಕ. “ನಿಂದ ನಿಯಮಲೇ.”

ಗೆಜೆಟಿಯರಿನಲ್ಲಿ ನಮ್ಮ ಬಗ್ಗೆ ಇದ್ದದ್ದು ಒಂದೇ ಸಾಲು. ಒರಟು ಕಂಬಳಿ ನೇಯುತ್ತಾರೆ ಎಂದು. ಆ ಸಾಲನ್ನು ಎಷ್ಟು ಸಲ ಓದಿದರೂ ಅದರಲ್ಲಿ ಒಬ್ಬ ಸರದಾರ ಸಿಗಲಿಲ್ಲ. ನನಗೆ ಒಂದೇ ಒಂದು ಹೆಸರು ಬೇಕಾಗಿತ್ತು, ಬರೆದಿಟ್ಟ ಹೆಸರು. ಇಲ್ಲದಿದ್ದರೆ ನಾನೇ ಗೆರೆ ಹೊಡೆದು ಮಾಡಿದ ಆಟದಲ್ಲಿ ನನ್ನವರು ಕೋಲು ಹಿಡಿದು ಓಡುವವರು.

“ಮುಂದಿನ ವಾರ ಊರಿಗಿ ಹೆಳವ ಬರ್ತಾನ,” ಎಂದೆ. “ಅವನ ಹೊತ್ತಿಗಿ ಬರದದ್ದು ಹೌದೋ ಅಲ್ಲೋ?”

“ಹೌದು,” ಎಂದ ಶ್ರೀಶೈಲ. “ನಮ್ಮಪ್ಪನೂ ಅದನ್ನ ಹೇಳಾಕತ್ತಾನ. ನಮ್ಮ ಮೂಲಪುರುಷನ್ನ ಅದರಾಗಿಂದನ ತಗೋರಿ ಅಂತ.”

ಸುಗ್ಗಿ ಮುಗಿದ ಮೇಲೆ ಹೆಳವರ ಸಾಬಣ್ಣ ವರ್ಷ ಎರಡು ವರ್ಷಕ್ಕೊಮ್ಮೆ ನಮ್ಮೂರಿಗೆ ಬರುತ್ತಾನೆ. ಎತ್ತಿನ ಮೇಲೆ ಕೌದಿ, ಕೌದಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ. ಒಕ್ಕಲ ಮನೆಗಳಿಗೆ ಹೋಗಿ ಅವರ ವಂಶಾವಳಿಯನ್ನು ಮೂಲಪುರುಷನಿಂದ ಮೊನ್ನೆ ಹುಟ್ಟಿದ ಕೂಸಿನವರೆಗೆ ಓದುತ್ತಾನೆ, ಹೊಸ ಹೆಸರು ಬರೆದುಕೊಳ್ಳುತ್ತಾನೆ, ಜೋಳ ತುಂಬಿಕೊಂಡು ಹೋಗುತ್ತಾನೆ. ಗೌಡರ ವಾಡೆಗೂ ನಮ್ಮ ಮನೆಗೂ ಅವನೇ ಹೆಳವ.

ಮೊದಲ ದಿನ ವಾಡೆ. ಗೌಡರು ತಲೆಗೆ ಜರಿಯ ಪಟಗ ಸುತ್ತಿ ಗಾದಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಗುಟ್ಕಾ ಉಗುಳುವ ಡಬ್ಬಿ, ಅದರ ಅಂಚಿನಲ್ಲಿ ನೊಣ. ನಾನು ಶ್ರೀಶೈಲನ ಹಿಂದೆ ನೋಟ್‌ಬುಕ್ಕು ಹಿಡಿದು ನಿಂತೆ.

ಸಾಬಣ್ಣ ಗಂಟೆ ಬಾರಿಸಿ ಓದಲು ಶುರುಮಾಡಿದ. “ಹಳಕೋಟಗಿ ಗೌಡಕಿ ಮನಿತನ. ಮೂಲಪುರುಷ ನಿಂಗಪ್ಪ. ದಾಯಾದಿ ಜಗಳದಾಗ ತಮ್ಮನ ತಲಿ ಒಡದು, ಉಟ್ಟ ಧೋತರದಾಗ ಈ ಊರಿಗಿ ಬಂದು, ಕುರುಬರ ದೊಡ್ಡ್ಯಾಗ ಏಳ ವರ್ಷ ಕುರಿ ಕಾದು ಅನ್ನ ಉಂಡು…”

“ಸಾಬಣ್ಣಾ,” ಎಂದರು ಗೌಡರು.

“ಧಣಿ.”

“ನಮ್ಮಪ್ಪ ಇದ್ದಾಗನ ಇದನ್ನ ತಗಸಿದ್ದಿವಲ್ಲೋ?”

“ತಪ್ಪಾತ್ರಿ ಧಣಿ. ಹಳೇ ಹೊತ್ತಿಗಿ ಬಿಚ್ಚೇನಿ.” ಅವನು ಒಂದಿಷ್ಟೂ ಮುಖ ಬಾಡಿಸದೆ ಗಂಟಿನಿಂದ ಇನ್ನೊಂದು ಹೊತ್ತಿಗೆ ತೆಗೆದ. ಅದೇ ರಾಗ, ಅದೇ ಗಂಟೆ. “ಮೂಲಪುರುಷ ನಿಂಗಪ್ಪಗೌಡ. ಹನ್ನೆರಡ ಕುದುರಿ, ಎರಡ ನಗಾರಿ, ಪಲ್ಲಕ್ಕಿ ಸಹಿತ ಬಂದು…”

ಗೌಡರು ಕಣ್ಣು ಮುಚ್ಚಿ ಕೇಳಿದರು. ನಡುವೆ ಒಮ್ಮೆ ಡಬ್ಬಿಗೆ ಉಗುಳಿದರು. ಶ್ರೀಶೈಲ ನನ್ನ ಕೈಯಿಂದ ನೋಟ್‌ಬುಕ್ಕು ಕಸಿದು ಬರೆದುಕೊಂಡ: ನಿಂಗಪ್ಪಗೌಡ, ಶೌರ್ಯ ಒಂಬತ್ತು, ನಿಷ್ಠೆ ಹತ್ತು.

ಹೊರಗೆ ಬಂದ ಮೇಲೆ ಕೇಳಿದೆ. “ಕುರಿ ಕಾದದ್ದ ಬರೀಲಿಲ್ಲಲೋ ಶೈಲ್ಯಾ?”

“ಬರದದ್ದ ಹಾಕೂದು ಅಂದಾಂವ ನೀನ. ಬರದದ್ದ ಹಾಕೇನಿ.”

“ಎರಡ ಹೊತ್ತಿಗ್ಯಾಗ ಎರಡ ಥರ ಬರದಾನಲ್ಲೋ.”

“ಹೊಸಾದ್ನ ಖರೇದು. ನಿನ್ನೀದು ಪೇಪರ ಯಾರ ಓದ್ತಾರ?” ಎಂದು ನನ್ನ ಬೆನ್ನಿಗೆ ಹೊಡೆದ. “ನಾಳಿ ನಿಮ್ಮನಿ ಪಾಳಿ. ಕರಕೊಂಬಾ ನಿಮ್ಮ ಸರದಾರನ್ನ. ಎಂಟ ಯಾಕ, ಒಂಬತ್ತ ಹಾಕ್ತೇನಿ.”

ಅವನು ಬೆನ್ನಿನ ಮೇಲಿಟ್ಟ ಕೈಯನ್ನು ತೆಗೆದುಹಾಕಿದೆ. ತಲೆ ಒಡೆದವನನ್ನು ಪಲ್ಲಕ್ಕಿಯಲ್ಲಿ ತರಿಸಿದ ಮನೆತನ. ಅಪ್ಪನಿಗೆ ನಾಚಿಕೆಯಿಲ್ಲ, ಮಗನಿಗೆ ಅದು ಬೇಕೆಂದೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಹೀಗೆ ಮಾಡುವ ಪ್ರಶ್ನೆಯೇ ಇಲ್ಲ ಅಂದುಕೊಂಡೆ. ಹೊತ್ತಿಗೆಯಲ್ಲಿ ಏನಿದೆಯೋ ಅದೇ.

ಮರುದಿನ ಸಾಬಣ್ಣ ನಮ್ಮ ಅಂಗಳಕ್ಕೆ ಬಂದ. ಅಪ್ಪ ಕುರಿ ಹೊಡೆದುಕೊಂಡು ಆಲಮಟ್ಟಿ ಕಾಲುವೆಯ ಕಡೆ ಹೋಗಿದ್ದ. ಹಾಗಾಗಿ ಹೆಳವನ ಎದುರು ಕಂಬಳಿಯ ಮೇಲೆ ಕೂರಬೇಕಾದವನು ನಾನು. ಅವನು ಬಂದಾಗಲೆಲ್ಲ ಸಾಲೆಯಲ್ಲಿರುತ್ತಿದ್ದ ನಾನು ನಮ್ಮ ವಂಶಾವಳಿ ಕೇಳುತ್ತಿದ್ದದ್ದು ಇದೇ ಮೊದಲು. ಅಪ್ಪನ ತಾಯಿ, ನನ್ನ ಆಯಿ ಸುಂದರವ್ವ ಕಂಬಕ್ಕೆ ಒರಗಿ ಕೂತು ಸೆರಗಿನಿಂದ ನೊಣ ಹೊಡೆಯುತ್ತಿದ್ದಳು.

ನಾಲ್ಕನೆಯ ತಲೆಮಾರಿಗೆ ಸಾಬಣ್ಣ ನಿಂತ.

“ಅಮೋಘಸಿದ್ಧ. ಹಳಕೋಟಗಿ ಕ್ವಾಟಿಗಿ ದಿಲ್ಲಿ ದಂಡ ಮುತ್ತಿಗಿ ಹಾಕಿದಾಗ…” ಕಣ್ಣೆತ್ತಿ ನನ್ನನ್ನು ನೋಡಿದ. ನಿನ್ನೆ ವಾಡೆಯಲ್ಲಿ ನಾನು ನಿಂತದ್ದನ್ನು ಅವನು ಮರೆತಿರಲಿಲ್ಲ. “ಓದ್ಲ್ಯೋ, ದಾಟ್ಲ್ಯೋ ಧಣಿ?”

ಕೋಟೆ, ಮುತ್ತಿಗೆ, ಹೆಸರು. ಎಲ್ಲವೂ ಬರೆದದ್ದು. “ಓದು. ಒಂದಕ್ಷರಾ ಬಿಡಬ್ಯಾಡ,” ಎಂದೆ.

“…ಒಳಗಿನವ್ರಿಗೂ ಕುರಿ ಮಾರಿ, ಹೊರಗಿನವ್ರಿಗೂ ಕುರಿ ಮಾರಿ, ಹನ್ನೊಂದನೇ ದಿನಾ ಕುರಿ ತಂದೇನಿ ಅಂತ ಕ್ವಾಟಿ ಅಗಸಿ ಬಾಗಲಾ ತೆರಿಸಿ, ಕುರಿ ಹಿಂದ ದಂಡ ಹೊಗಿಸಿ, ಒಳಗಿದ್ದ ಅರವತ್ತ ಮಂದಿ ಹ್ಯಣಾ ಬಿದ್ದ ಮ್ಯಾಲ, ಹಳ್ಳದ ದಂಡಿ ಹುಲ್ಲಗಾವಲಾ ಇನಾಮ ಪಡದು…”

ಹಳ್ಳದ ದಂಡೆಯ ಆ ಹುಲ್ಲುಗಾವಲು ಈಗಲೂ ನಮ್ಮದೇ. ನಾನು ಈಜು ಕಲಿತದ್ದು ಅದರ ಪಕ್ಕದ ಮಡುವಿನಲ್ಲಿ.

ಆಯಿಯ ಕೈ ನಿಲ್ಲಲಿಲ್ಲ. “ಮಾರಿ ಯಾಕ ಹಂಗ ಮಾಡ್ತಿ? ಪ್ರತಿ ಸಲಾ ಓದ್ತಾನ,” ಎಂದಳು. “ನಿಮ್ಮ ಮುತ್ಯಾ ನಗ್ತಿದ್ದ. ನಿಮ್ಮಪ್ಪ ಎದ್ದು ಎತ್ತಿಗಿ ನೀರ ಕುಡಸಾಕ ಹೋಗ್ತಿದ್ದ. ಯಾರೂ ತಗಿ ಅನ್ನಲಿಲ್ಲ.”

ಸಾಬಣ್ಣ ಬಾಲ್‌ಪೆನ್ನಿನ ಟೊಪ್ಪಿಗೆ ತೆಗೆದ. “ಈ ಹೊತ್ತಿಗಿ ಹಳೇದಾಗೇತಿ ಧಣಿ. ಹೊಸಾದು ಬರ್ಯಾಕತ್ತೇನಿ. ಈ ಸಾಲ ಇಡ್ಲ್ಯೋ, ಬಿಡ್ಲ್ಯೋ?”

ಟೇಲರು ತುಂಬು ತೋಳೋ ಅರ್ಧ ತೋಳೋ ಎಂದು ಕೇಳುವ ಧ್ವನಿ ಅದು. ಅವನ ಉಗುರಿನಲ್ಲಿ ಮಸಿಯ ಕೊಳೆ, ಬಾಯಲ್ಲಿ ನಿನ್ನೆಯ ಗೌಡರ ಮನೆಯ ಎಲೆಯಡಿಕೆ. ಅವನನ್ನು ಕಂಡು ಅಸಹ್ಯವಾಯಿತು. ಆಯಿ ನನ್ನನ್ನೇ ನೋಡುತ್ತಿದ್ದಳು.

“ಬಿಡು,” ಎಂದೆ.

“ಖಾಲಿ ಬಿಟ್ರ ಕಾಣ್ತೈತ್ರಿ. ಏನರೆ ತುಂಬಬೇಕು.”

“ಮುತ್ತಿಗ್ಯಾಗ ಕ್ವಾಟಿ ಕಾದ ಅಂತ ಬರಿ. ಇನ್ನೂರ ಮಂದಿ ಕವಣಿಯವ್ರ ಜೋಡಿ.”

“ಇನ್ನೂರ ಎಲ್ಲಾರೂ ಅಂತಾರ ಧಣಿ. ಇನ್ನೂರಾ ನಾಕ ಅನ್ರಿ, ಖರೇ ಅನಸ್ತೈತಿ.”

“ಇನ್ನೂರಾ ನಾಕ ಬರಿ.”

ಆಯಿ ಎದ್ದು ಒಳಗೆ ಹೋದಳು. ಮೊರದಲ್ಲಿ ಜೋಳ ತಂದು ಸಾಬಣ್ಣನ ಚೀಲಕ್ಕೆ ಸುರಿದಳು. ಅವನಿಗೆ ಹೋಗಿ ಬಾರಪ್ಪಾ ಎಂದಳು. ಖಾಲಿ ಮೊರ ಹಿಡಿದು ನನ್ನನ್ನು ದಾಟಿ ಒಳಗೆ ಹೋದಳು.

ಸೋಮವಾರ ಇಂಡಿಯಲ್ಲಿ ಶ್ರೀಶೈಲನ ಮಹಡಿಗೆ ಹೋದೆ.

“ಅಮೋಘಸಿದ್ಧ. ಇನ್ನೂರಾ ನಾಕ ಕವಣಿಯವ್ರು. ಹೆಳವನ ಹೊತ್ತಿಗ್ಯಾಗ ಐತಿ.”

“ಹಳೇದ್ರಾಗೋ ಹೊಸಾದ್ರಾಗೋ?”

ನಾನು ನೋಟ್‌ಬುಕ್ಕಿನ ಪುಟ ತಿರುವಿದೆ. ಶ್ರೀಶೈಲ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಯಿತು. ಖುಷಿಯಾಗಿ ಚುರಮುರಿಯ ತಟ್ಟೆಯನ್ನು ನನ್ನ ಕಡೆ ದೂಡಿದ. ಶೌರ್ಯ ಒಂಬತ್ತು, ನಿಷ್ಠೆ ಹತ್ತು ಎಂದು ಟೈಪು ಮಾಡಿದ. ಕೋಲು ಹಿಡಿದ ಗುಂಪಿನ ಹೆಸರು ಅಳಿಸಿ ಬರೀ ಮಂದಿ ಎಂದು ಬರೆದ.

ಆಟ ಓಡಿಸಿ ನೋಡಿದೆವು. ದಿಲ್ಲಿಯ ದಂಡು ಭೀಮಾ ದಾಟಿ ಬಂದು ಇಂಡಿ ಪ್ರಾಂತದ ಕೋಟೆಯಾದ ಹಳಕೋಟಗಿಗೆ ಮುತ್ತಿಗೆ ಹಾಕಿತು. ಒಂದು ವರ್ಷ ಕಳೆಯಿತು, ಎರಡು ವರ್ಷ, ಆರು ವರ್ಷ. ಕೋಟೆ ಬೀಳಲೇ ಇಲ್ಲ. ದಂಡು ಅಲ್ಲೇ ಕೂತಿತು. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಿಯೂ ಒಂದು ಬಾಗಿಲೂ ತೆರೆಯಲಿಲ್ಲ. ಇಪ್ಪತ್ತೈದು ಸರದಾರರು, ಎಲ್ಲರ ನಿಷ್ಠೆಯೂ ಹತ್ತು. ಆದಿಲಶಾಹಿ ಮುಗಿಯುವುದೇ ಇಲ್ಲ.

“ಆಟ ಕೆಟ್ಟತಲೇ,” ಎಂದ ಶ್ರೀಶೈಲ. “ಯಾವನರೆ ಒಬ್ಬ ಬಾಗಲಾ ತೆಗೀಬೇಕು. ಸೊನ್ನಿ ಇದ್ದಾಂವ ಒಬ್ಬ ಬೇಕು.”

“ನಿಮ್ಮ ನಿಂಗಪ್ಪನ್ನ ಮಾಡು.”

“ನಮ್ಮಪ್ಪ ಕಂಪ್ಯೂಟರ ಹೊರಗ ಒಗೀತಾನ. ನಿಮ್ಮಾಂವನ್ನ ಮಾಡೋಣೇನು?”

ನಾನು ತಲೆ ಅಲ್ಲಾಡಿಸಿದೆ. ನೋಟ್‌ಬುಕ್ಕು ತೆರೆದು ಇಪ್ಪತ್ತೈದು ಹೆಸರನ್ನೂ ಮೇಲಿನಿಂದ ಕೆಳಗೆ ನೋಡಿದೆವು. ಪ್ರತಿ ಹೆಸರಿನ ಹಿಂದೆ ಜಗಳಕ್ಕೆ ಬರುವ ಮೊಮ್ಮಗನೊಬ್ಬ ಇದ್ದ.

ಹಳಕೋಟಗಿಯಲ್ಲಿ ಊರ ಹೊರಗೆ ಒಂದು ಕೇರಿ ಇದೆ. ಅಗಸಿ ಬಾಗಿಲು ಕಾಯುವ ಕೆಲಸ ಹಿಂದೆ ಅವರದು. ಆ ಕೇರಿಗೆ ಸಾಬಣ್ಣನ ಎತ್ತು ಹೋಗುವುದಿಲ್ಲ. ಅವರ ಹಿರಿಯರ ಹೆಸರು ಯಾವ ಹೊತ್ತಿಗೆಯಲ್ಲೂ ಇಲ್ಲ, ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ.

“ದುರ್ಗ್ಯಾ ಅಂತ ಹಾಕು,” ಎಂದೆ. “ಅಗಸಿ ಕಾಯಾಂವ.”

ದುರ್ಗಪ್ಪ ಎಂಬ ಹೆಸರಿನವರು ಆ ಕೇರಿಯಲ್ಲಿ ಮನೆಗೊಬ್ಬರಿದ್ದಾರೆ. ನಮ್ಮ ಕ್ಲಾಸಿನಲ್ಲೂ ಒಬ್ಬನಿದ್ದ. ಅವನು ನಮ್ಮ ಪಟ್ಟಿಗೆ ಯಾರ ಹೆಸರನ್ನೂ ತಂದಿರಲಿಲ್ಲ.

ಶ್ರೀಶೈಲ ಟೈಪು ಮಾಡಿದ. ಇದು ಎಲ್ಲಿ ಬರೆದಿದೆ ಎಂದು ಕೇಳಲಿಲ್ಲ. ನಿಷ್ಠೆಯ ಜಾಗದಲ್ಲಿ ಸೊನ್ನೆ ಒತ್ತಿ ಆಟ ಮತ್ತೆ ಓಡಿಸಿದ. ಹಳಕೋಟಗಿ ಮೊದಲ ಸರತಿಗೇ ಬಿತ್ತು. ಪರದೆಯ ಮೇಲೆ ದುರ್ಗ್ಯಾ ಬಾಗಿಲು ತೆರೆದ ಎಂದು ಸುದ್ದಿ ಬಂತು. ಶ್ರೀಶೈಲ ಚಪ್ಪಾಳೆ ಹೊಡೆದ.

“ಈಗ ಕೂಡತ ನೋಡು!”

ಬಾಯಲ್ಲಿದ್ದ ಚುರಮುರಿಯನ್ನು ಕಿಟಕಿಯಿಂದ ಹೊರಗೆ ಉಗುಳಿದೆ. ಮೂರು ಗಂಟೆಯಾಗುತ್ತ ಬಂದಿತ್ತು, ಅದು ಆ ಓಣಿಯ ಲೋಡ್ ಶೆಡ್ಡಿಂಗಿನ ಹೊತ್ತು.

“ಲಗೂನ ಸೇವ್ ಮಾಡು,” ಎಂದೆ. “ಕರೆಂಟ ಹೋಗ್ತೈತಿ.”