ಹನ್ನೊಂದು ಸೆಕೆಂಡು

"ಹದಿಮೂರೈದ್ಲಿ ಅರವತ್ತೈದು, ಹದಿಮೂರಾರ್ಲಿ ಎಪ್ಪತ್ತೆಂಟು…" ಬಚ್ಚಲುಮನೆಯಿಂದ ಬರುತ್ತಿದ್ದ ಮಗಳ ದನಿ ಅಲ್ಲಿಗೆ ನಿಂತಿತು. ಊಟದ ಮೇಜಿನ ಮುಂದೆ ಕೂತಿದ್ದ ಮೇಷ್ಟ್ರ ಕೈಯೂ ನಿಂತಿತು.

"ಏನಮ್ಮಾ? ಏನಾಯ್ತು?"

"ಸೋಪು ಬಾಯಿಗೆ ಹೋಯ್ತಪ್ಪಾ! ಬದುಕಿದೀನಿ. ಹದಿಮೂರೇಳ್ಲಿ ತೊಂಬತ್ತೊಂದು!"

ಬ್ಯಾಂಕಿನಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸುವ ಇಪ್ಪತ್ತೆಂಟರ ಹೆಣ್ಣುಮಗಳು ಮೈಗೆ ನೀರು ಹುಯ್ದುಕೊಳ್ಳಬೇಕಾದರೆ ಮಗ್ಗಿ ಒಪ್ಪಿಸಬೇಕು. ಒಂದು ವರ್ಷದಿಂದ ಆ ಮನೆಯ ಕಾನೂನು ಅದು. ಬೀದಿ ಬಾಗಿಲೊಂದನ್ನು ಬಿಟ್ಟರೆ ಯಾವುದಕ್ಕೂ ಚಿಲಕವಿಲ್ಲ, ಬೀಗವಿಲ್ಲ. ಮೇಷ್ಟ್ರು ಎಲ್ಲವನ್ನೂ ಕೀಳಿಸಿ, ತೂತುಗಳಿಗೆ ಹಳೇ ಪೇಪರು ತುರುಕಿದ್ದರು.

ಮಲಗುವ ಕೋಣೆಯ ಬೀಗವನ್ನು ಮಾತ್ರ ಎಸೆದಿರಲಿಲ್ಲ. ಒಳಗಿನಿಂದ ಗುಂಡಿ ಒತ್ತಿದರೆ ಬೀಳುವ, ಹೊರಗಿನಿಂದ ಕೀಲಿಕೈ ಬೇಕಾಗುವ ದುಂಡು ಹಿಡಿಯ ಬೀಗ. ಅದನ್ನೊಂದು ಹಲಗೆಗೆ ಕೂರಿಸಿಕೊಂಡು, ಕೀಲಿಕೈ ಇಲ್ಲದೆ ತೆರೆಯುವುದನ್ನು ತಾವೇ ಕಲಿಯಲು ಹೊರಟಿದ್ದರು. ಮೂವತ್ತೆರಡು ವರ್ಷ ಇತಿಹಾಸ ಪಾಠ ಮಾಡಿದ ಕೈ. ಬಲ್ಬು ಬದಲಾಯಿಸಲೂ ಹೆಂಡತಿಯನ್ನು ಕೂಗುತ್ತಿದ್ದ ಆಸಾಮಿ. ಹಳೆಯ ಕೊಡೆಯ ಎರಡು ಕಡ್ಡಿ ಕಿತ್ತು, ಅರದಿಂದ ಉಜ್ಜಿ, ತುದಿ ಬಗ್ಗಿಸಿದರು. ಒಂದು, ಬೀಗವನ್ನು ತಿರುಗಿಸುವ ಹಾಗೆ ಮೆತ್ತಗೆ ಒತ್ತಿ ಹಿಡಿಯಲು. ಇನ್ನೊಂದು, ಒಳಗಿನ ಐದು ಪುಟ್ಟ ಮೊಳೆಗಳನ್ನು ಒಂದೊಂದಾಗಿ ಮೇಲೆತ್ತಲು. ಮೊದಲ ತಿಂಗಳು ಬೆರಳ ತುಂಬ ಗಾಯ. ಜೋರು ಮಾಡಿದಷ್ಟೂ ಬೀಗ ಹಟ ಹಿಡಿಯುತ್ತದೆಂದು ತಿಳಿಯಲು ಇನ್ನೊಂದು ತಿಂಗಳು ಬೇಕಾಯಿತು. ಕಣ್ಣು ಮುಚ್ಚಿಕೊಂಡು ಮಾಡಿದ ದಿನ ಮೊದಲ ಮೊಳೆ ಟಿಕ್ ಎಂದಿತು. ಆ ಸದ್ದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗಿತ್ತು.

ಹೋದ ವರ್ಷ ಒಂದು ಭಾನುವಾರ ಹೆಂಡತಿ ತಲೆನೋವೆಂದು ಆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಳು. ಮಗಳು ಊರಲ್ಲಿರಲಿಲ್ಲ. ಸಂಜೆ ನಾಲ್ಕಕ್ಕೆ ಕೂಗಿದರೆ ಉತ್ತರವಿಲ್ಲ. ಕೀಲಿಕೈ ಗೊಂಚಲು ಒಳಗೇ ಇತ್ತು. ಪಕ್ಕದ ಮನೆಯ ಟೈಲರ್ ಓಡಿ ಬಂದು, "ಒದ್ದುಬಿಡೋಣ ಸಾರ್" ಎಂದ. ಮೇಷ್ಟ್ರು ಬೇಡವೆಂದರು. ಹಿಂದಿನ ವಾರವಷ್ಟೇ ಅವಳು ಎದುರಿಗೆ ನಿಂತು ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದಳು. ಯಾರ ಕೈ ತಗುಲಿದರೂ ಬೈಗುಳ. "ಬಾಗಿಲು ಹಾಳು ಮಾಡಿದ್ರೆ ಎದ್ದು ನನ್ನ ಸುಮ್ನೆ ಬಿಡ್ತಾಳೇನಯ್ಯಾ?" ಎಂದು ಬೀಗದವನನ್ನು ಹುಡುಕಿಕೊಂಡು ಹೋದರು. ಅಂಗಡಿ ರಜ. ಅವನ ಮನೆ ಹುಡುಕಿ ಕರೆತರುವಷ್ಟರಲ್ಲಿ ಮುಕ್ಕಾಲು ಗಂಟೆ. ಬೇಗ ತೆರೆದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಹೇಳೋಕಾಗಲ್ಲ ಮೇಷ್ಟ್ರೇ" ಎಂದರು. ಪುಣ್ಯಾತ್ಮ, ಒಂದು ಸುಳ್ಳಾದರೂ ಹೇಳಬಾರದಿತ್ತೇ!

ಮಗಳು ಆರು ತಿಂಗಳು ಸಹಿಸಿ, ಆಮೇಲೆ ಜಗಳವಾಡಿ ಒಂದು ಮಾತು ತೆಗೆದುಕೊಂಡಿದ್ದಳು. ಅಪ್ಪನಿಗೆ ಬೀಗ ತೆರೆಯಲು ಬಂದ ದಿನ ಅದು ವಾಪಸು ಬಾಗಿಲಿಗೆ ಹೋಗಬೇಕು, ಆ ಕೋಣೆ ತನಗೆ ಬೇಕು. ಇಲ್ಲವಾದರೆ ಹಾಸ್ಟೆಲ್ ಸೇರುತ್ತಾಳೆ. ದಿನಾ ಕೇಳುವಳು, "ಬಂತಾ ಅಪ್ಪಾ?"

"ಇನ್ನೂ ಇಲ್ಲಮ್ಮಾ."

ಸೋಪು ಬಾಯಿಗೆ ಹೋದ ಮರುದಿನ, ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಹದಿನಾಲ್ಕರ ಮಗ್ಗಿ ಶುರುವಾಯಿತು. ಮೇಷ್ಟ್ರು ಗೋಡೆಯ ಗಡಿಯಾರ ನೋಡಿಕೊಂಡು ಕಣ್ಣು ಮುಚ್ಚಿ ಕಡ್ಡಿಗಳನ್ನು ತೂರಿಸಿದರು. ಟಿಕ್, ಟಿಕ್, ಟಿಕ್, ಟಿಕ್, ಟಿಕ್. ಹಿಡಿ ತಿರುಗಿತು.

"ಯಾವಾಗಿಂದ ಬರುತ್ತೆ ಇದು?"

ದನಿ ಬೆನ್ನ ಹಿಂದೆಯೇ ಬಂತು. ಬಚ್ಚಲಲ್ಲಿ ಅದೇ ದನಿ "ಹದಿನಾಲ್ಕೈದ್ಲಿ ಎಪ್ಪತ್ತು" ಎನ್ನುತ್ತಿತ್ತು. ಮೇಷ್ಟ್ರು ತಿರುಗಿ ನೋಡಿದರು. ಮಗಳು ಒಣ ತಲೆಯಲ್ಲೇ ನಿಂತಿದ್ದಳು.

"ಫೋನಲ್ಲಿ ರೆಕಾರ್ಡ್ ಮಾಡಿಟ್ಟೆ. ಯಾವಾಗಿಂದ, ಹೇಳಪ್ಪಾ."

"ಎರಡು ತಿಂಗಳಾಯ್ತು."

"ಮತ್ತೆ ಯಾಕೆ ಸುಳ್ಳು ಹೇಳ್ದೆ?"

"ಹನ್ನೊಂದು ಸೆಕೆಂಡು ಸಾಕು ಕಣಮ್ಮಾ ಇದಕ್ಕೆ. ಹನ್ನೊಂದೇ ಸೆಕೆಂಡು." ಮೇಷ್ಟ್ರು ಕಡ್ಡಿಗಳನ್ನು ಮೇಜಿನ ಮೇಲಿಟ್ಟರು. "ಅವತ್ತು ಬಾಗಿಲ ಬುಡದಲ್ಲಿ ಉಗುರಲ್ಲಿ ಕೆರೆದ ಹಾಗೆ ಸದ್ದಾಯ್ತು. ನಂಗೆ ಕೇಳಿಸ್ತು. ಏಳ್ತಿದಾಳೆ ಅಂದ್ಕೊಂಡೆ. ಬಣ್ಣದ ಯೋಚನೆ ಮಾಡ್ಕೊಂಡು ಹೊರಟುಹೋದೆ. ಮತ್ತೆ ಆ ಬಾಗಿಲು ಹಾಕ್ಕೊಳ್ಳೋದು ನೋಡೋಕಾಗಲ್ಲ ನಂಗೆ."

ಯಾರಿಗೂ ಹೇಳಿರದ ಮಾತು. ಬಚ್ಚಲಲ್ಲಿ ಮಗ್ಗಿ ತಾನಾಗಿಯೇ ಮುಗಿಯಿತು.

"ಬೀಗ ಹಾಕಪ್ಪಾ," ಎಂದಳು ಮಗಳು ಕಣ್ಣೊರೆಸಿಕೊಂಡು.

ಮೇಷ್ಟ್ರೇ ಹಾಕಿದರು. ಹಸಿರು ಬಾಗಿಲಿಗೆ ಒಂದು ಗೀರೂ ಬೀಳದ ಹಾಗೆ ಸ್ಕ್ರೂ ಬಿಗಿದರು. ಮಗಳು ಒಳಗೆ ಹೋಗುವಾಗ, "ಮಗ್ಗಿ ಹೇಳಲ್ಲ" ಎಂದಳು. ಗುಂಡಿ ಒತ್ತಿದ ಸದ್ದಾಯಿತು.

ಆಮೇಲೆ ಏನೂ ಇಲ್ಲ. ಮೇಷ್ಟ್ರು ಕಿವಿಗೊಟ್ಟು ನಿಂತರು. ಬಾಗಿಲ ಬುಡದಲ್ಲಿ ಅವತ್ತಿನ ಅದೇ ಸದ್ದು ಕೇಳಿದಂತಾಗಿ ತಡೆಯಲಾಗಲಿಲ್ಲ. ಕಡ್ಡಿಗಳು ತಾವೇ ಬೀಗದೊಳಗೆ ಹೋದವು. ಒಂದು, ಎರಡು, ಮೂರು, ನಾಲ್ಕು ಮೊಳೆಗಳು ಮೇಲೆದ್ದವು. ಐದನೆಯದರ ಕೆಳಗೆ ಕಡ್ಡಿಯ ತುದಿ ನಿಂತಿತು.

ಕೈ ಸಡಿಲಿಸಿದರು. ನಾಲ್ಕೂ ಮೊಳೆಗಳು ಕೆಳಗೆ ಬಿದ್ದವು.

ನೆಲದ ಮೇಲೆ ಕೂತು ಎರಡೂ ಕಡ್ಡಿಗಳನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ಒಳಕ್ಕೆ ತಳ್ಳಿದರು. ತುದಿಗಳು ಈಚೆಗೇ ಉಳಿದವು. ಮೇಷ್ಟ್ರು ಅವುಗಳನ್ನೇ ನೋಡುತ್ತ ಕೂತರು. ಗಡಿಯಾರದಲ್ಲಿ ಹನ್ನೊಂದು ಸೆಕೆಂಡು ಕಳೆಯಿತು, ಒಂದು ನಿಮಿಷ ಕಳೆಯಿತು. ಆಮೇಲೆ ಬಾಗಿಲ ಬುಡದಲ್ಲಿ ಉಗುರಿನಿಂದ ಕೆರೆದ ಹಾಗೆ ಸಣ್ಣ ಸದ್ದಾಯಿತು, ಕಡ್ಡಿಗಳು ಒಂದರ ಹಿಂದೊಂದು ನಿಧಾನವಾಗಿ ಒಳಗೆ ಸರಿದುಹೋದವು.