ಉಪ್ಪು ಬಿದ್ದ ಮೇಲೆ

ಸದ್ದೇ ಇಲ್ಲವಲ್ಲ ಇದಕ್ಕೆ, ಬದನೆಕಾಯಿ ಹೆಚ್ಚಿದರೆ ಕರಕರ ಎನ್ನುತ್ತದೆ, ಉಳ್ಳಾಗಡ್ಡಿ ಕಣ್ಣೀರು ಹಾಕಿಸದೆ ಬಿಡುವುದಿಲ್ಲ, ಈ ಟಮಾಟಿ ಮಾತ್ರ ಚಾಕು ತಾಗಿದ್ದೇ ತಡ ತೆಪ್ಪಗೆ ಬಾಯಿ ಬಿಡುತ್ತದೆ, ಒಳಗೆ ನೋಡಿದರೆ ಕೋಣೆ ಕೋಣೆ, ಕೋಣೆಯ ತುಂಬ ಬೀಜ, ಯಾವ ಪುಣ್ಯಾತ್ಮ ಕಟ್ಟಿದನೋ ಈ ಮನೆಯನ್ನು ಎಂದು ಗಂಗುಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ನೋಡಿಯೇ ನೋಡುತ್ತಾಳೆ. ಔರಾದದ ಸಂತೆಯಲ್ಲಿ ಒಮ್ಮೆ ಕಂಡಿದ್ದಳು, ವಿಲಾಯತಿ ಬದನಿಕಾಯಿ ಅದ ಅಂದಿದ್ದರು ಯಾರೋ, ಮುಟ್ಟಲು ಮನಸ್ಸಾಗಿರಲಿಲ್ಲ, ಈಗ ಅದೇ ಹಣ್ಣು ತನ್ನ ಅಂಗಳದಲ್ಲಿ, ತನ್ನ ಹಿತ್ತಾಳೆ ಪರಾತದಲ್ಲಿ, ಹೆಚ್ಚುತ್ತಿರುವವನು ನಜಮೋದ್ದೀನ, ಬೀದರಿನ ಮೈಲೂರಿನವನು — ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು, ಅವ್ವಾ, ನಾ ನಿಮ್ಮ ಮಡೆಪ್ಪನ ಜೋಡಿ ಲಡಾಯಿಗಿ ಹೋಗಿದ್ದವ್ರಿ, ಅಂದ, ಅಂದ ಕೂಡಲೇ ಅವಳು ಹೊಸ್ತಿಲ ಮೇಲೆ ಕೂತೇ ಬಿಟ್ಟಳಲ್ಲ. ಮಗ ಸತ್ತು ಐದು ವರ್ಷವಾಗುತ್ತ ಬಂತು, ಸರಕಾರದ ಕಾಗದ ಒಂದು ಬಂದಿತ್ತು, ಸಾಲಿ ಮಾಸ್ತರ ದತ್ತಾತ್ರಿ ಓದಿ ಹೇಳಿದ್ದರು, ಇಟಲಿ ಅಂತ ಒಂದು ದೇಶದಾಗ ತೀರಿಕೊಂಡಾನಂತ ಗಂಗುಬಾಯಿ, ಅಷ್ಟೇ, ಎರಡು ಸಾಲು. ಉಂಡಿದ್ದನೋ ಇಲ್ಲವೋ ಎಂದು ಅದರಲ್ಲಿ ಬರೆದಿರಲಿಲ್ಲ. ಯಾರು ಬರೀತಾರ ಅದನ್ನ, ಅಂದಿದ್ದರು ಮಾಸ್ತರರು, ಪಾಪ, ಅವರದೇನು ತಪ್ಪು, ಆದರೆ ಅವಳಿಗೆ ಬೇಕಾಗಿದ್ದುದು ಅದೊಂದೇ, ಹುಟ್ಟಿದಾಗಿನಿಂದ ಹಸಿವು ತಡೆಯದ ಹುಡುಗ, ರೊಟ್ಟಿ ಬೇಯುವ ಮೊದಲೇ ತವೆಗೆ ಕೈ ಹಾಕುತ್ತಿದ್ದವನು, ಹಸಿದ ಹೊಟ್ಟೆಯಲ್ಲೇ ಹೋದನೇ?

ಕೇಳಬೇಕು, ಬೆಳಿಗ್ಗೆಯಿಂದ ನಾಲಿಗೆಯ ತುದಿಗೆ ಬಂದು ನಿಂತಿದೆ, ಕೇಳಿದರೆ ಇಲ್ಲ ಅಂದುಬಿಟ್ಟಾನೆಂಬ ಹೆದರಿಕೆ, ಅದಕ್ಕೇ ಸುಮ್ಮನೆ ನೋಡುತ್ತಿದ್ದಾಳೆ. ಅವನಿಗೂ ಹೆದರಿಕೆಯೇ, ಇರದೆ ಇದ್ದೀತೇ, ಪೊಲೀಸ್ ಆ್ಯಕ್ಷನ್ ಆಗಿ ಇನ್ನೂ ಎಂಟು ತಿಂಗಳು, ಆಮೇಲಿನ ಕಡಿದಾಟಕ್ಕೆ ಹೆದರಿ ಔರಾದದಿಂದ ಈ ಚಿಂತಾಕಿಯ ಹಾದಿಯಲ್ಲಿ ಹೊರಗಿನ ಮುಸಲ್ಮಾನರು ಒಬ್ಬರೂ ನಡೆದು ಬಂದಿರಲಿಲ್ಲ. ನನ್ನ ಅಣ್ಣ ಹೊಲಕ್ಕ ಹೋದವ ತಿರುಗಿ ಬರಲಿಲ್ರಿ, ಅಂದ ಬೆಳಿಗ್ಗೆ, ತಲೆ ಎತ್ತದೆ. ಅದಕ್ಕೂ ಹಿಂದಿನ ವರ್ಷ ರಜಾಕಾರರು ಬಂದು ಅವಳ ಹಟ್ಟಿಯ ಕುರಿ ಪೂರ್ತಿ ಹೊಡೆದುಕೊಂಡು ಹೋದದ್ದನ್ನು ಅವಳೂ ಹೇಳಿದಳು, ಇಬ್ಬರ ಸಂಕಟವೂ ಅಂಗಳದ ಬಿಸಿಲಲ್ಲಿ ಎದುರು ಬದುರು ಕೂತಿತು. ಕಟ್ಟೆಯ ಮೇಲೆ ಮೈದುನ ಹಣಮಂತಪ್ಪ, ಮೊಣಕಾಲ ಮೇಲೆ ಬಡಿಗೆ ಅಡ್ಡ ಇಟ್ಟುಕೊಂಡು, ಕಣ್ಣು ಕೀಳದೆ ನೋಡುತ್ತಿದ್ದಾನೆ, ನೋಡಲಿ. ನಿಮ್ಮ ಮಗ ಕಡಿಗಿ ಉಂಡಿದ್ದನ್ನ ನಿಮಗ ಮಾಡಿ ತೋರಸ್ತೇನ್ರಿ ಅವ್ವಾ, ಅಂದಿದ್ದ ನಜಮೋದ್ದೀನ, ಒಲೆ ನಿಮ್ಮದು, ಶಾವಿಗಿ ನೀವ ಕುದಸ್ರಿ, ನಾ ಬೆಂಕಿ ಮುಟ್ಟೂದಿಲ್ಲ, ಇದಕ್ಕ ಬೆಂಕಿನ ಬ್ಯಾಡ. ಬೆಂಕಿ ಬೇಡದ ಸಾರು! ಹೋದ ತಿಂಗಳು ಹೊರಸಿನ ಮೇಲೆ ಒಣಗಿಸಿದ ಶಾವಿಗೆ ತೆಗೆದಳು, ಕುದಿಸಿದಳು, ಬಸಿದಳು, ಬೆಲ್ಲ ಹಾಲು ತುಪ್ಪ ಕಾಣದ ಶಾವಿಗೆ ಬುಟ್ಟಿಯಲ್ಲಿ ಬೆಪ್ಪಾಗಿ ಕೂತಿದೆ. ಅಲ್ಲಿ ಇದಕ್ಕ ಪಾಸ್ತಾ ಅಂತಾರ್ರಿ, ಇನ್ನಷ್ಟು ದಪ್ಪ ಇರ್ತಾವು, ಮಡೆಪ್ಪ ನೋಡಿದವನ, ಏ ನಜಮೂ, ಇದು ನಮ್ಮವ್ವನ ಶಾವಿಗಿ, ಇಲ್ಲೀಮಟ ಹ್ಯಾಂಗ ಬಂತೋ, ಅಂದ. ಅಯ್ಯೋ ನನ್ನಪ್ಪಾ, ಭಾಲ್ಕಿಯ ಟೇಸನ್ನಿನಲ್ಲಿ ರೈಲು ಹತ್ತುವಾಗ ಗಂಟಿನಲ್ಲಿ ಒಂದು ಹಿಡಿ ಕಟ್ಟಿಕೊಟ್ಟಿದ್ದಳಲ್ಲ, ರೈಲು, ಆಮೇಲೆ ಹಡಗು, ಆಮೇಲೆ ಗುಡ್ಡ, ಹೇಸರಗತ್ತೆಯ ಬೆನ್ನಿಗೆ ಮದ್ದುಗುಂಡಿನ ಪೆಟ್ಟಿಗೆ ಹೇರಿ ಅವನೂ ಇವನೂ ಹತ್ತಿದ ಗುಡ್ಡ, ಅದರ ನೆತ್ತಿಯಲ್ಲಿ ಗೋಡೆ ಅರ್ಧ ಬಿದ್ದ ಮನೆ, ಆ ಮನೆಯಲ್ಲಿ ಒಬ್ಬ ಮುದುಕಿ, ಶಾವಿಗೆ ಕುದಿಸುವಷ್ಟೇ ಕಟ್ಟಿಗೆ ಇತ್ತಂತೆ, ಸಾರಿಗೆ ಉಳಿದಿರಲಿಲ್ಲವಂತೆ, ಅದಕ್ಕೇ ಹಸಿ ಟಮಾಟಿ. ಕಡಲಾಚೆಯೂ ಶಾವಿಗೆ ಇದೆ, ಕಡಲಾಚೆಯೂ ಕಟ್ಟಿಗೆ ತೀರಿದ ಮುದುಕಿ ಇದ್ದಾಳೆ, ಎಷ್ಟು ದೊಡ್ಡದಪ್ಪಾ ಈ ಭೂಮಿ, ಎಂದು ಅವಳಿಗೆ ಮೈ ಜುಮ್ಮೆಂದಿತು.

ಬಳ್ಳೊಳ್ಳಿ ಜಜ್ಜಿ ಹಾಕಿದ, ಕುಸುಬೆ ಎಣ್ಣೆ ಕಾಯಿಸದೆ ಹಾಗೇ ಸುರಿದ, ಸಾಸಿವೆ ಇಲ್ಲ, ಚುರ್ ಎನ್ನುವ ಒಗ್ಗರಣೆ ಇಲ್ಲ, ಇದೆಂಥ ಅಡುಗೆಯೋ ಎಂದು ನಗು ಬಂತು ಅವಳಿಗೆ, ಅಷ್ಟರಲ್ಲಿ ಚೀಲದಿಂದ ಒಂದು ಕಡ್ಡಿ ಸಬ್ಜಾ ತೆಗೆದು ಎಲೆ ಹರಿದ ನೋಡು, ಅಂಗಳವೇ ಘಮ್ ಅಂದಿತು, ತುಳಸಿಯಲ್ಲ, ತುಳಸಿಯ ತಂಗಿ ಇರಬೇಕು. ಆಮೇಲೆ ಕೈ ತಡೆದ. ಉಪ್ಪಿನ ಬಟ್ಟಲು ಪಕ್ಕದಲ್ಲೇ ಇದೆ, ಮುಟ್ಟಲಿಲ್ಲ, ಪರಾತವನ್ನು ಮೆಲ್ಲಗೆ ಅವಳ ಕಡೆ ಸರಿಸಿ, ಉಪ್ಪ ನೀವ ಹಾಕ್ರಿ ಅವ್ವಾ, ಅಂದ, ಅಂದರೆ ಇವನಿಗೆ ಗೊತ್ತಿದೆ, ಹಳ್ಳಿಯ ನೇಮ ಎಲ್ಲ ಗೊತ್ತಿದೆ. ಹಸಿ ಇದ್ದದ್ದು ಯಾರ ಕೈಯಿಂದ ಬಂದರೂ ನಡೀತದ, ಉಪ್ಪು ಬಿದ್ದರ ಅಡಗಿ ಆತು, ಅಡಗಿ ನಮ್ಮ ಕೈಯಾಗ ಆಗಬೇಕು, ಎಂದು ಅತ್ತೆ ಕಲಿಸಿದ್ದು, ಮುಲ್ಲಾ ಕೊಯ್ದ ಕುರಿ ತಿನ್ನುತ್ತೇವೆ, ಮುಲ್ಲಾನ ಹೆಂಡತಿ ಬೇಯಿಸಿದ ಬೇಳೆ ತಿನ್ನುವುದಿಲ್ಲ, ಬೆಳಿಗ್ಗೆ ಇವನಿಗೆ ನೀರನ್ನು ಕೂಡ ಮೇಲಿನಿಂದ ಬೊಗಸೆಗೆ ಹೊಯ್ದಿದ್ದಳು, ಇವನೂ ತಕರಾರಿಲ್ಲದೆ ಬಗ್ಗಿ ಕುಡಿದಿದ್ದ. ಅವಳ ಕೈ ಬಟ್ಟಲಿನ ತನಕ ಹೋಯಿತು, ಹೋಗಿ ನಿಂತಿತು. ಅವತ್ತು ಯಾರು ಹಾಕಿದ್ರು ಉಪ್ಪು? ತನ್ನ ದನಿಯೇ ತನಗೆ ಯಾರದೋ ದನಿಯಂತೆ ಕೇಳಿಸಿತು. ಆ ಮುದುಕಿ ಮನ್ಯಾಗ ಉಪ್ಪೇ ಇರಲಿಲ್ರಿ, ಊರಾಗೇ ಇರಲಿಲ್ಲ, ಮಡೆಪ್ಪ ತನ್ನ ಜೇಬಿನಾಗಿಂದ ತಗದ, ಹೇಸರಗತ್ತಿಗಿ ನೆಕ್ಕಸಲಿಕ್ಕ ಯಾವಾಗಲೂ ಇಟ್ಕೊಂಡಿರ್ತಿದ್ದ, ಕುರಿ ಕಾಯೋರ ಚಟ ನಮ್ಮದು, ಅಂತಿದ್ದ. ಹೌದು, ಹೌದು, ಅಂಗಿ ಜೇಬಿನ ಹರಳುಪ್ಪು, ಎಷ್ಟು ಜೇಬು ಹೊಲಿದಿದ್ದಳು ಅವಳು, ಎಷ್ಟು ಬೈದಿದ್ದಳು. ಅಂವ ಗುಂಡಿನ ಪೆಟ್ಟಿಗಿ ಇಳಿಸಿ ಬಂದಿದ್ದ, ಕೈ ಒಡದು ರಕ್ತ ಬಂದಿತ್ರಿ, ಉಪ್ಪು ಉರೀತದ, ನೀ ಕಲಸೋ ನಜಮೂ, ಅಂದ. ನಾನ ಕಲಸಿದ್ರಿ. ಅಂವ ಬಾಯಿ ತೆರದ, ನಾ ತುತ್ತು ಇಟ್ಟೆ.

ನಾ ತುತ್ತು ಇಟ್ಟೆ. ಕಟ್ಟೆಯ ಮೇಲೆ ಹಣಮಂತಪ್ಪ ಕೆಮ್ಮುತ್ತಾನೆ, ಅವಳಿಗೆ ಕೇಳಿಸುವುದಿಲ್ಲ. ಹೊಟ್ಟಿ ತುಂಬಿತ್ತೇನು — ಬಂದೇ ಬಿಟ್ಟಿತು, ಐದು ವರ್ಷ ಗಂಟಲಲ್ಲಿ ಕೂತದ್ದು — ಹೊಟ್ಟಿ ತುಂಬಿತ್ತೇನು ತಮ್ಮಾ ಅವಂದು? ಬೆಳಿಗ್ಗೆಯಿಂದ ಸಾಬ್ರ ಎನ್ನುತ್ತಿದ್ದವಳು ತಮ್ಮಾ ಅಂದದ್ದು ಅವಳಿಗೇ ತಿಳಿಯಲಿಲ್ಲ. ಮೂರು ಸಲ ಹಾಕಿಸ್ಕೊಂಡ್ರಿ ಅವ್ವಾ, ಕಡಿಗಿ ತಾಟ ಎತ್ತಿ ಕೆಳಗಿನ ಕೆಂಪು ನೀರು ಸುದ್ದಾ ಕುಡದ, ಬಾಯಿ ಒರಸಿಕೊಂಡು ನಕ್ಕ, ಹೊರಗ ಹೋದ, ಆವಾಗ ಗುಂಡು ಬಿತ್ತು. ನಜಮೋದ್ದೀನ ಮುಖ ತಿರುಗಿಸಿಕೊಂಡ. ಅವಳಿಗೆ ಅಳು ಬರುವುದಿಲ್ಲ, ಯಾಕೆ ಬರುವುದಿಲ್ಲ, ಒಂದು ದೊಡ್ಡ ಬೆರಗು ಎದೆಯ ತುಂಬ ಎದ್ದು ಅಳುವಿಗೆ ಜಾಗವನ್ನೇ ಕೊಡುತ್ತಿಲ್ಲ, ಮಗನ ಬಾಯಿಗೆ ಮೊದಲ ತುತ್ತನ್ನು ತಾನು ಇಟ್ಟದ್ದು, ಕಡೆಯದನ್ನು ಇಟ್ಟವನು ಇಲ್ಲಿ ಕೂತಿದ್ದಾನೆ. ಬಟ್ಟಲನ್ನು ಅವನ ಕಡೆಗೆ ನೂಕಿದಳು. ನೀನ ಹಾಕು. ವೈನೀ! ಹಣಮಂತಪ್ಪ ಎದ್ದು ನಿಂತಿದ್ದಾನೆ, ನಾಳೆ ದೈವದಾಗ, ಊರ ಮಂದಿ ಕೂಡಿದಾಗ, ಏನಂತ ಹೇಳ್ಲಿ ನಾ? ನನ್ನ ಮಗನ ಎಡಿ ಅದ ಹಣಮಂತಪ್ಪಾ, ಅಂವ ಹ್ಯಾಂಗ ಉಂಡನೋ ಹಂಗ ಉಣ್ತೇನಿ, ನಿನಗ ಬ್ಯಾಡಾದ್ರ ಬ್ಯಾಡ. ಹಾಕೋ ತಮ್ಮಾ, ಹಾಕು, ಕಲಸು. ಅವನು ಹಾಕುತ್ತಾನೆ, ಕಲಸುತ್ತಾನೆ, ಈಗ ಸ್ವಲ್ಪ ಹೊತ್ತು ಬಿಡಬೇಕ್ರಿ, ಅನ್ನುತ್ತಾನೆ, ಅವಳು ಬಗ್ಗಿ ನೋಡುತ್ತಾಳೆ, ಹನಿ ನೀರು ಹಾಕಿಲ್ಲ, ಕಿಡಿ ಬೆಂಕಿ ತೋರಿಸಿಲ್ಲ, ಪರಾತದ ಅಂಚಿನಲ್ಲಿ ಅದೋ ಕೆಂಪು ನೀರು ಏಳುತ್ತಿದೆ, ಹಣ್ಣು ತಾನಾಗಿಯೇ ಬಿಡುತ್ತಿದೆ, ದೈವ ಏನಾದರೂ ಅನ್ನಲಿ, ಕೆಂಪು ನೀರು ಏಳುತ್ತಿದೆ, ಇದನ್ನೇ ಕುಡಿದು ನಕ್ಕನಂತೆ, ಮೂರು ಸಲ, ಹೊಟ್ಟೆ ತುಂಬಿತ್ತಂತೆ, ಶಾವಿಗೆಯ ಬುಟ್ಟಿ ಎಳೆದುಕೊಳ್ಳಬೇಕು, ಕೈ ಏಳುತ್ತಿಲ್ಲ, ಕಣ್ಣು ಕೀಳಲಾಗುತ್ತಿಲ್ಲ, ಬೀಜದ ಸುತ್ತ, ಎಲೆಯ ಕೆಳಗೆ, ಕೆಂಪು ನೀರು —