ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದಾ?

ಕೋಟೇಶ್ವರದ ಟೈಲರ್ ಹರಿಣಾಕ್ಷಿಗೆ ಎಂಟು ದಿನದಿಂದ ಹಲ್ಲುನೋವು. ಮೇಲಿನ ದವಡೆ ಹಲ್ಲು ಹುಳುಕು ಹಿಡಿದು ಟೊಳ್ಳಾಗಿತ್ತು. ಲವಂಗ ಕಚ್ಚಿದಳು, ಹೊಗೆಸೊಪ್ಪು ಇಟ್ಟಳು, ಅಂಗಡಿ ಮಾತ್ರೆ ನುಂಗಿದಳು. ನೋವು ಜಗ್ಗಲಿಲ್ಲ. ಕೆನ್ನೆ ಮಾತ್ರ ಬನ್ಸಿನ ಹಾಗೆ ಉಬ್ಬಿತು.

ಆದರೂ ಆಸ್ಪತ್ರೆ ಅಂದರೆ ಮಾರು ದೂರ ಹಾರುತ್ತಿದ್ದಳು. ರವಕೆಯ ಅಂಚಿಗೆ ಅವಳಷ್ಟು ನಯವಾಗಿ ಕೈಹೊಲಿಗೆ ಹಾಕುವವರು ಸುತ್ತಮುತ್ತ ಇಲ್ಲ. ಅದಕ್ಕೆ ಕಣ್ಣು ಚುರುಕಿರಬೇಕು. ಮೇಲಿನ ಹಲ್ಲು ಕಿತ್ತರೆ ಕಣ್ಣೇ ಹೋಗುತ್ತದಂತೆ! ಈ ಮಾತು ಹುಟ್ಟಿಸಿದವರ ಬಾಯಿಗೆ ಮಣ್ಣು ಹಾಕ.

ಆಶಾ ಕಾರ್ಯಕರ್ತೆ ಸುಗುಣ ಬಾಗಿಲಲ್ಲೇ ನಿಂತು ಕೇಳಿದಳು.

“ಹ್ವಾಯ್ ಹರಿಣಾಕ್ಷಿ, ಮುಖಕ್ಕೆ ಎಂತ ಆಯ್ತ್?”

“ಹಲ್ಲ್ ನೋವು. ಕೀಳ್ಸ್ ಅಂತ ಮಾತ್ರ ಹೇಳ್ಬೇಡ. ಸೀತಜ್ಜಿಗೆ ಹಲ್ಲ್ ಕೀಳ್ಸಿದ್ ಮೇಲೇ ಕಣ್ಣ್ ಹೋದ್ದ್ ಅಂಬ್ರ್. ನನ್ ಕಣ್ಣ್ ಹೋರೆ ಹೊಟ್ಟಿಗೆ ಎಂತ ತಿಂಬುದ್?”

“ಹಂಗಾರೆ ಸೀತಜ್ಜಿ ಹತ್ರವೇ ಕೇಂಬ, ಬಾ.”

ಎರಡು ಮನೆ ಆಚೆ ಸೀತಜ್ಜಿ ಕನ್ನಡಕ ಹಾಕಿಕೊಂಡು ಹಲಸಿನ ಬೀಜ ಸುಲಿಯುತ್ತಿದ್ದಳು. ಇಷ್ಟು ವರ್ಷ ಊರವರು ಅವಳ ಬಗ್ಗೆ ಹೇಳಿದ್ದೇ ಹೇಳಿದ್ದು, ಅವಳನ್ನು ಒಬ್ಬರೂ ಕೇಳಿರಲಿಲ್ಲ. ಈಗ ಇವರು ಕೇಳಿದ್ದಕ್ಕೆ ಬೊಚ್ಚು ಬಾಯಿ ಬಿಟ್ಟು ನಕ್ಕಳು.

“ಹಲ್ಲ್ ಕೀಳ್ಸುಕ್ ಮುಂಚೆಯೇ ಕಣ್ಣ್ ಮಂಜ್ ಆಯ್ದಿತ್ತ್. ಅದ್ ಕಣ್ಣಿನ್ ಪೊರೆ, ಹೆಣ್ಣೆ. ಆಪ್ರೇಶನ್ ಮಾಡ್ಸಿ ಪೊರೆ ತೆಗ್ಸಿದೆ, ಈಗ ಎಲ್ಲಾ ಕಾಣ್ತ್. ಪಾಪದ ಹಲ್ಲಿನ್ ಮೇಲೆ ಎಂತಕೆ ಗೂಬೆ ಕೂರ್ಸುದ್?”

ಹರಿಣಾಕ್ಷಿಗೆ ನಾಚಿಕೆಯಾಯಿತು. ಮರುದಿನವೇ ಅವಳೂ ಸುಗುಣಳೂ ಕುಂದಾಪುರದ ಆಸ್ಪತ್ರೆಗೆ ಹೋದರು. ದಂತವೈದ್ಯೆ ಪ್ರಣೀತಾ ಎಕ್ಸ್‌ರೇ ನೋಡಿದರು.

“ಮೊದಲೇ ಬಂದಿದ್ದರೆ ರೂಟ್ ಕೆನಾಲ್ ಮಾಡಿ ಹಲ್ಲು ಉಳಿಸಬಹುದಿತ್ತು. ಈಗ ಬುಡದವರೆಗೂ ಒಡೆದಿದೆ, ತೆಗೆಯಲೇಬೇಕು. ಮರಗಟ್ಟಿಸಿ ತೆಗೆಯುತ್ತೇನೆ. ಬುದ್ಧಿಹಲ್ಲು ಅಡ್ಡ ಬೆಳೆದಿದ್ದರೆ ಒಸಡು ಕೊಯ್ದು ಹೊಲಿಗೆ ಹಾಕಬೇಕಾಗುತ್ತಿತ್ತು. ನಿಮಗೆ ಅದು ಬೇಡ.”

“ಹೊಲ್ಗಿಗೆ ನಂಗೆ ಹೆದ್ರಿಕೆ ಇಲ್ಲ ಡಾಕ್ಟ್ರೇ. ಕಣ್ಣಿಗೆ ಹೆದ್ರಿಕೆ.”

“ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ಕಿತ್ತರೆ ಕಣ್ಣಿಗೆ ಏನೂ ಆಗುವುದಿಲ್ಲ. ಕೀವನ್ನು ಹಾಗೇ ಬಿಟ್ಟರೆ ಮಾತ್ರ ಬಾವು ಕಣ್ಣಿನ ತನಕವೂ ಏರಬಹುದು. ಶುಗರ್, ಬಿಪಿ ಉಂಟಾ? ರಕ್ತ ತೆಳು ಮಾಡುವ ಮಾತ್ರೆ?”

ಯಾವುದೂ ಇರಲಿಲ್ಲ. ಇಂಜೆಕ್ಷನ್ ನೋವು ಬೆರಳಿಗೆ ಸೂಜಿ ಚುಚ್ಚಿದಷ್ಟೇ. ಇನ್ನೇನು ಕೀಳುತ್ತಾರೆ ಅಂತ ಅವಳು ಕುರ್ಚಿ ಹಿಡಿದು ಕೂತಿದ್ದರೆ, ಹಲ್ಲು ಆಗಲೇ ತಟ್ಟೆಯಲ್ಲಿತ್ತು.

“ಈ ಹತ್ತಿ ಮುಕ್ಕಾಲು ಗಂಟೆ ಕಚ್ಚಿಕೊಂಡಿರಿ, ಮಾತು ಬೇಡ. ಇವತ್ತು ಉಗುಳಬೇಡಿ, ಬಿಸಿ ಚಾ ಬೇಡ. ಹೊಗೆಸೊಪ್ಪು ಮುಟ್ಟಲೇಬೇಡಿ. ನಾಳೆಯಿಂದ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ರಕ್ತ ನಿಲ್ಲದಿದ್ದರೆ, ಬಾವು ಹೆಚ್ಚಿದರೆ, ಜ್ವರ ಬಂದರೆ ಕೂಡಲೇ ಬನ್ನಿ.”

ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದ ಬಸ್ಸೊಂದು ಬರುತ್ತಿತ್ತು. ಸುಗುಣ ಕಣ್ಣು ಕಿರಿದು ಮಾಡಿದಳು.

“ಅದ್ ಗುಲ್ವಾಡಿ ಬಸ್ಸ್, ನಮ್ದಲ್ಲ. ಇಲ್ಲೇ ಕೂಕೊ.”

ಬಾಯಿ ತುಂಬ ಹತ್ತಿ. ಹರಿಣಾಕ್ಷಿ ತಲೆ ಅಲ್ಲಾಡಿಸಿದಳು, ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದೇಬಿಟ್ಟಳು. ಬಸ್ಸು ಹತ್ತಿರ ಬಂದಾಗ ಬೋರ್ಡಿನಲ್ಲಿ ಬೀಜಾಡಿ, ಕೋಟೇಶ್ವರ ಅಂತಿತ್ತು. ಮೆಟ್ಟಿಲು ಹತ್ತಿ ಹಿಂದೆ ತಿರುಗಿ, ಎರಡು ಬೆರಳಲ್ಲಿ ತನ್ನ ಕಣ್ಣು ತೋರಿಸಿದಳು ನೋಡಿ, ಸುಗುಣಳಿಗೆ ನಗು ತಡೆಯಲಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹಲ್ಲು ನೋಯುತ್ತಿದ್ದರೆ ಊರ ಮಾತು ಕೇಳುತ್ತ ಕೂರಬೇಡಿ. ಉಳಿಯುವ ಹಲ್ಲೋ, ತೆಗೆಯುವ ಹಲ್ಲೋ, ದಂತವೈದ್ಯರು ಹೇಳಲಿ. ಬೇಗ ಹೋದಷ್ಟೂ ಹಲ್ಲು ಉಳಿಯುವುದು ಜಾಸ್ತಿ. ನಾಳೆ ಬೆಳಿಗ್ಗೆಯೇ ಹೊರಡಿ.